ಮಳೆ ಹದ ತಪ್ಪಿರುವ ಕಾಲದಲ್ಲಿ ಅಕೇಶಿಯಾ ಬೆಟ್ಟವನ್ನು ಮತ್ತೆ ಕಾಡಾಗಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಸಿದ್ದಾಪುರ ತಾಲೂಕಿನಲ್ಲಿ ನಿಮ್ಮ ಊರಿನವರ ಪಾಲಿಗೆ 12 ಎಕರೆ ಸೊಪ್ಪಿನ ಬೆಟ್ಟವಿದೆ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಬೆಟ್ಟ), ಅದರ ಬಹುಭಾಗದಲ್ಲಿ ಹಳೆಯ ಅಕೇಶಿಯಾ ನಿಂತಿದೆ, ಅದನ್ನು ನಿಧಾನವಾಗಿ ಈ ನೆಲದ ಕಾಡಾಗಿಸಬೇಕೆಂದು ನಿಮ್ಮ ಗ್ರಾಮ ಅರಣ್ಯ ಸಮಿತಿ ನಿರ್ಧರಿಸಿದೆ. ಆದರೆ ಮಳೆಗಾಲವೇ ಬದಲಾಗುತ್ತಿರುವಾಗ ಯಾವ ಜಾತಿಗಳನ್ನು ನೆಡಬೇಕು, ಬಯಲುಸೀಮೆಯ ಗಿಡಗಳನ್ನು ತಂದರೆ ಹೆಚ್ಚು ಬಾಳುತ್ತವೆಯೇ, ಬೇಸಿಗೆಯಲ್ಲಿ ನೀರು ಕೊಡಬೇಕೆ ಎಂದು ಕೇಳಿದ್ದೀರಿ.

ಶಿರಸಿಯ ಕಡೆ ನಮ್ಮೂರಿನ ಬೆಟ್ಟದಲ್ಲಿ ಇದೇ ಕೆಲಸವನ್ನು ಹದಿನಾಲ್ಕು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಅದರಲ್ಲಿ ನನಗೆ ಹೆಚ್ಚು ಕಲಿಸಿದ್ದು 2023. ಆ ವರ್ಷ ಮುಂಗಾರು ಕೇರಳಕ್ಕೆ ಕಾಲಿಟ್ಟಿದ್ದೇ ಜೂನ್ 8ಕ್ಕೆ. ಆರಿದ್ರ ಮಳೆಯ ಹೊತ್ತಿಗೆ ಸಸಿ ನೆಡುವುದು ನಮ್ಮ ವಾಡಿಕೆಯಾದರೂ ನೆಲ ಹದವಾಗಿರಲಿಲ್ಲ. ಪುನರ್ವಸುವಿನಲ್ಲಿ ಮಳೆ ಜೋರಾದದ್ದನ್ನು ಕಂಡು, ತಡವಾಯಿತೆಂಬ ಆತುರದಲ್ಲಿ, ಇದ್ದಬದ್ದ ಸಸಿಗಳನ್ನೆಲ್ಲ ಒಂದೇ ವಾರದಲ್ಲಿ ನೆಟ್ಟು ಮುಗಿಸಿದೆವು. ಆಗಸ್ಟ್‌ನಲ್ಲಿ ಮೋಡವೇ ಸರಿದುಹೋಯಿತು. 1901ರಿಂದ ಇರುವ ದಾಖಲೆಯಲ್ಲಿ ದೇಶಕ್ಕೆ ಅತ್ಯಂತ ಕಡಿಮೆ ಮಳೆ ಬಿದ್ದ ಆಗಸ್ಟ್ ಅದು. ಮುಂದೆ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ನಾವು ನೆಟ್ಟ ಗಿಡಗಳಲ್ಲಿ ಅರ್ಧಕ್ಕೂ ಹೆಚ್ಚು ದೀಪಾವಳಿಯೊಳಗೆ ಒಣಗಿದವು.

ಒಣಗಿದ ಹೊನ್ನೆ ಗಿಡವೊಂದನ್ನು ಕಿತ್ತು ನೋಡಿದೆ. ಅದರ ಬೇರು ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಯೊಳಗೆ ಹೇಗೆ ಸುರುಳಿ ಸುತ್ತಿಕೊಂಡಿತ್ತೋ ಹಾಗೆಯೇ ಇತ್ತು. ನೆಲಕ್ಕೆ ಬಂದು ಮೂರು ತಿಂಗಳಾದರೂ ಒಂದು ಎಳೆಯೂ ಆ ಮಣ್ಣಿನ ಉಂಡೆಯನ್ನು ದಾಟಿ ಹೊರಗೆ ಹೋಗಿರಲಿಲ್ಲ. ಅಲ್ಲಿಂದ ಎರಡು ಮಾರು ದೂರದಲ್ಲಿ, ಯಾರೂ ನೆಡದೆ ತಾನೇ ಹುಟ್ಟಿದ್ದ ಗೇಣುದ್ದದ ಮತ್ತಿ ಸಸಿಯೊಂದು ಎಲೆ ಬಾಡದೆ ನಿಂತಿತ್ತು. ಅದರ ಪಕ್ಕದಲ್ಲಿ ಮೆಲ್ಲಗೆ ಅಗೆಯುತ್ತ ಹೋದೆ. ಬೇರು ಮೊಳದುದ್ದಕ್ಕೂ ಮೀರಿ, ಜಂಬಿಟ್ಟಿಗೆ ಕಲ್ಲಿನ ಸಂದಿಯಲ್ಲಿ ತೂರಿ, ಇನ್ನೂ ಕೆಳಗೆ ಇಳಿದಿತ್ತು. ತುದಿ ಸಿಗುವ ಮೊದಲೇ ಅಗೆಯುವುದನ್ನು ನಿಲ್ಲಿಸಿ ಮಣ್ಣು ಮುಚ್ಚಿದೆ. ಆ ಗಿಡ ಇಂದು ನನ್ನ ಎದೆಯೆತ್ತರಕ್ಕಿದೆ.

ಈ ಕಾರಣಕ್ಕೆ, ಬರ ತಾಳುವ ಜಾತಿಗಳ ಪಟ್ಟಿಯನ್ನು ಕೊಟ್ಟು ನಿಮ್ಮ ಪ್ರಶ್ನೆಯನ್ನು ಮುಗಿಸಲು ನಾನು ಒಪ್ಪುವುದಿಲ್ಲ. ಹೊನ್ನೆ ಬರಕ್ಕೆ ಹೆದರುವ ಮರವಲ್ಲ. ಬಯಲುಸೀಮೆಯ ಅಂಚಿನ ಒಣ ಕಾಡಿನಲ್ಲೂ ಅದು ಬೆಳೆಯುತ್ತದೆ. ಸೋತದ್ದು ನಾವು ಅದನ್ನು ಬೆಳೆಸಿದ ರೀತಿ, ನೆಟ್ಟ ಆತುರ. ಮುಂದಿನ ಮೂವತ್ತು ವರ್ಷಗಳ ಮಳೆಯನ್ನು ನೀವೂ ನಾನೂ ಊಹಿಸಲಾರೆವು. ಹಾಗಿರುವಾಗ ಒಂದೇ ವರ್ಷದ ಮಳೆ, ಒಂದೇ ಮರದ ಬೀಜ, ಒಂದೇ ಬಗೆಯ ನಾಟಿ ಇವುಗಳ ಮೇಲೆ ಇಡೀ ಬೆಟ್ಟದ ಭವಿಷ್ಯವನ್ನು ಹೊರಿಸದೆ, ಯಾವುದೋ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುವಂತೆ ಕೆಲಸವನ್ನು ಹಂಚಿಕೊಳ್ಳುವುದೇ ನನಗೆ ತಿಳಿದ ದಾರಿ.

ಮೊದಲ ಕೆಲಸವಾಗಿ, ಒಂದು ಗಿಡವನ್ನೂ ನೆಡುವ ಮುನ್ನ, ಅಕೇಶಿಯಾದ ಅಡಿಯಲ್ಲಿ ಈಗಾಗಲೇ ಏನು ಹುಟ್ಟಿದೆ ಎಂಬುದನ್ನು ಎಣಿಸಿ. ಹತ್ತಿರದಲ್ಲಿ ಕಾನು (ತೇವದ ನಿತ್ಯಹರಿದ್ವರ್ಣ ಕಾಡು) ಅಥವಾ ದೇವರಕಾಡು ಇದ್ದರೆ, ಇಪ್ಪತ್ತು ವರ್ಷ ದಾಟಿದ ತೋಪಿನ ನೆರಳಿನಲ್ಲಿ ಮತ್ತಿ, ನಂದಿ, ಕವಲು, ನೇರಳೆ, ಮುರುಗಲು ಮುಂತಾದವು ಹಕ್ಕಿಯಿಂದಲೋ ಗಾಳಿಯಿಂದಲೋ ಬಂದು ನೆಲೆಸಿರುವುದುಂಟು. ಇವುಗಳ ಬೇರು ಆಗಲೇ ಆಳಕ್ಕೆ ಇಳಿದಿರುತ್ತದೆ. ಕವಲಿನಂಥ ಗಿಡಗಳು ಬೇಸಿಗೆಯಲ್ಲಿ ಕಾಂಡ ಒಣಗಿದರೂ ಮಳೆ ಬಿದ್ದೊಡನೆ ಬುಡದಿಂದ ಮತ್ತೆ ಚಿಗುರುತ್ತವೆ. ಅಂಥ ಸಸಿಗಳಿಗೆ ಗೂಟ ನೆಟ್ಟು ಗುರುತು ಮಾಡಿ, ಸುತ್ತಲಿನ ಕಳೆ ಸವರಿ, ದರಕು (ಒಣಗಿದ ಎಲೆ) ಮುಚ್ಚಿ, ಕತ್ತಿ ಹಿಡಿದವರ ಕಣ್ಣಿಗೆ ಬೀಳುವಂತೆ ಮಾಡಿದರೆ ಸಾಕು. ನೆಡುವ ಖರ್ಚಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ. ನಮ್ಮ ಬೆಟ್ಟದಲ್ಲಿ ಇಂದು ಎದ್ದು ನಿಂತಿರುವ ಮರಗಳಲ್ಲಿ ನಾವು ನೆಟ್ಟವುಗಳಿಗಿಂತ ಹೀಗೆ ಕಾಪಾಡಿಕೊಂಡವೇ ಹೆಚ್ಚು.

ಅಕೇಶಿಯಾವನ್ನು ಒಮ್ಮೆಲೇ ಬೋಳಿಸಬೇಡಿ. ಅದು ಆಸ್ಟ್ರೇಲಿಯಾದ ಉತ್ತರ ಭಾಗ ಮತ್ತು ಪಪುವಾ ನ್ಯೂಗಿನಿಯ ಕಡೆಯಿಂದ ಬಂದ ಮರ, ಅದರ ಎಲೆ ಬೇಗ ಕೊಳೆಯುವುದಿಲ್ಲ ಎಂಬ ದೂರುಗಳೆಲ್ಲ ನಿಜ. ಆದರೂ ಈಗ ನಿಮ್ಮ ನೆಲಕ್ಕೆ ನೆರಳು ಕೊಡುತ್ತಿರುವುದು ಅದೊಂದೇ. ಪೂರ್ತಿ ಕಡಿದ ಜಾಗದಲ್ಲಿ ಏಪ್ರಿಲ್ ಬಿಸಿಲು ನೇರವಾಗಿ ಮಣ್ಣಿಗೆ ಬಿದ್ದು, ಮಳೆ ಬಂದೊಡನೆ ಯುಪಟೋರಿಯಂ ಕಳೆಯ ಪೊದೆಗಳೂ ಅಕೇಶಿಯಾದ್ದೇ ಸಾವಿರಾರು ಮರಿಗಳೂ ಏಳುತ್ತವೆ. ಮೂರು ನಾಲ್ಕು ವರ್ಷಗಳಲ್ಲಿ ಅಲ್ಲಲ್ಲಿ ತೆಳುವು ಮಾಡುತ್ತ, ತೆರೆದ ಜಾಗದಲ್ಲಿ ಬಿಸಿಲು ಬೇಡುವ ಗಿಡಗಳನ್ನು, ಉಳಿದ ನೆರಳಿನಲ್ಲಿ ನಿತ್ಯಹರಿದ್ವರ್ಣದ ಜಾತಿಗಳನ್ನು ಬೆಳೆಸಿ. ಬೆಟ್ಟದ ಭೂಮಿಯಾದ್ದರಿಂದ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅರ್ಜಿಯನ್ನು ಮೊದಲೇ ಕೊಟ್ಟಿಡಿ.

ಇನ್ನು ಬೀಜದ ವಿಷಯ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಬಯಲುಸೀಮೆಯ ಬೇರೆ ಜಾತಿಗಳನ್ನು ತರುವ ಅಗತ್ಯವಿಲ್ಲ, ಆದರೆ ನಮ್ಮದೇ ಜಾತಿಗಳ ಒಣಸೀಮೆಯ ಬೀಜವನ್ನು ತರುವುದರಲ್ಲಿ ಅರ್ಥವಿದೆ. ಶಿರಸಿಯಿಂದ ಈಶಾನ್ಯಕ್ಕೆ ಮುಂಡಗೋಡದತ್ತ ಹೋದರೆ ಸುಮಾರು 50 ಕಿಲೋಮೀಟರಿನೊಳಗೆ ಮಳೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮತ್ತಿ, ಹೊನ್ನೆ, ತಾರೆ ಮರಗಳು ಎರಡೂ ಕಡೆ ಇವೆ. ಮುಂಡಗೋಡದ ಮತ್ತಿ ತಲೆಮಾರುಗಳಿಂದ ಕಡಿಮೆ ಮಳೆಯಲ್ಲಿ ಬದುಕಿ ಉಳಿದ ಮರಗಳ ಸಂತಾನ. ಊರಿನ ಬೀಜದ ಜೊತೆಗೆ ಒಣ ಪ್ರದೇಶದ ಬೀಜವನ್ನೂ ಒಂದು ಪ್ರಮಾಣದಲ್ಲಿ ಬೆರೆಸಿ ಬಿತ್ತುವ ಇಂಥ ವಿಧಾನವನ್ನು ಆಸ್ಟ್ರೇಲಿಯಾದ ಸಂಶೋಧಕರು 2015ರಲ್ಲಿ ವಿವರವಾಗಿ ಮುಂದಿಟ್ಟಿದ್ದಾರೆ. ನಾನು ಮುಕ್ಕಾಲು ಪಾಲು ಊರಿನದು, ಕಾಲು ಪಾಲು ಮುಂಡಗೋಡ, ಬನವಾಸಿಯ ಕಡೆಯದು ಎಂಬ ಲೆಕ್ಕ ಇಟ್ಟುಕೊಂಡಿದ್ದೇನೆ. ಎಲ್ಲವನ್ನೂ ಒಣಸೀಮೆಯಿಂದ ತರುವುದು ತಪ್ಪು, ಏಕೆಂದರೆ ನಮ್ಮಲ್ಲಿ ಬದಲಾಗುತ್ತಿರುವುದು ಬರಿಯ ಬರವಲ್ಲ. ಬಿದ್ದಾಗ ಒಂದೇ ಸಮನೆ ಸುರಿದು ಹೋಗುವ ಮಳೆಯನ್ನೂ ಅದೇ ಗಿಡ ತಾಳಬೇಕಾಗಿದೆ.

ಎಲ್ಲಿಂದ ತಂದರೂ ಒಂದೇ ತಾಯಿಮರದಿಂದ ತರಬೇಡಿ. ರಸ್ತೆ ಬದಿಯ ಒಂದು ಮರದ ಕೆಳಗೆ ಚೀಲ ತುಂಬಿಕೊಳ್ಳುವುದು ಸುಲಭ, ಆದರೆ ಆ ಚೀಲದಿಂದ ಹುಟ್ಟುವ ಗಿಡಗಳೆಲ್ಲ ಒಂದೇ ತಾಯಿಯ ಮಕ್ಕಳು; ತಾಯಿಯ ದೌರ್ಬಲ್ಯವೊಂದಿದ್ದರೆ ಅದು ಹೆಚ್ಚಿನವಕ್ಕೆ ಬಂದಿರುತ್ತದೆ. ಹತ್ತು ಹದಿನೈದು ಮರಗಳಿಂದ, ಒಂದಕ್ಕೊಂದು ದೂರವಿರುವವುಗಳಿಂದ, ಸ್ವಲ್ಪ ಸ್ವಲ್ಪ ಆಯ್ದುಕೊಳ್ಳಿ. ರಾಂಪತ್ರೆಯಲ್ಲಂತೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಐದಾರು ಗಿಡ ಮಾತ್ರ ನೆಟ್ಟರೆ ಮುಂದೆ ಕಾಯೇ ಕಟ್ಟದೆ ಹೋಗಬಹುದು.

ಹವಾಮಾನದ ಪೆಟ್ಟು ಮೊದಲು ತಗಲುವುದೂ ಬೀಜಕ್ಕೆ. ಮತ್ತಿ, ಹೊನ್ನೆ, ತಾರೆಯ ಬೀಜ ಬೇಸಿಗೆಯಲ್ಲಿ ಬಲಿಯುತ್ತದೆ, ಒಣಗಿಸಿ ಮಳೆಯವರೆಗೆ ಕಾಯಿಸಬಹುದು. ಧೂಪ, ಹೈಗ, ರಾಂಪತ್ರೆ, ನೇರಳೆ, ಹಲಸು ಹಾಗಲ್ಲ. ಅವುಗಳ ಬೀಜ ಮಳೆಗಾಲದ ಆಸುಪಾಸಿನಲ್ಲೇ ಉದುರುತ್ತದೆ ಮತ್ತು ಹಸಿಯಾಗಿರುವಾಗಲೇ ಮೊಳೆಯಬೇಕು, ಒಣಗಿತೆಂದರೆ ಸತ್ತಂತೆ. ಮುಂಗಾರು ಎರಡು ವಾರ ತಡವಾದರೆ ಕಾನಿನ ಒಂದು ವರ್ಷದ ಬೆಳೆಯೇ ನೆಲದ ಮೇಲೆ ಒಣಗಿಹೋಗಬಹುದು. ಇಂಥ ವರ್ಷಗಳಲ್ಲಿ ಮನುಷ್ಯರ ಕೈ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಉದುರಿದ ದಿನವೇ ಆಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ, ನೆರಳಿನ ಮಡಿಯಲ್ಲಿ ಬಿತ್ತಿ ನೀರು ಚಿಮುಕಿಸಿದರೆ ಆ ವರ್ಷದ ಸಂತಾನ ಉಳಿಯುತ್ತದೆ. ನೆಟ್ಟಗೆ ನೆಲಕ್ಕೇ ಬಿತ್ತಬಹುದಾದವನ್ನು ಬಿತ್ತಿಯೇ ಬಿಡಿ. ತೊಟ್ಟೆಯಲ್ಲಿ ಬೆಳೆಸುವುದಾದರೆ ಉದ್ದನೆಯ ತೊಟ್ಟೆ ಬಳಸಿ, ನೆಡುವಾಗ ತಳದ ಸುರುಳಿಯನ್ನು ಕತ್ತರಿಸಿ, ನೆಡುವ ಮೊದಲಿನ ಒಂದು ತಿಂಗಳು ನೀರು ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಿ. ಆಳೆತ್ತರದ ಗಿಡ ಕಣ್ಣಿಗೆ ಚೆಂದ. ಮೊಳದೆತ್ತರದ ಗಿಡ ಬಾಳುವುದು ಹೆಚ್ಚು.

ಜಾತಿಗಳ ಸಂಖ್ಯೆಯ ಬಗ್ಗೆ ಎರಡು ಮಾತು. ಪಶ್ಚಿಮಘಟ್ಟದ ಸಹಜ ಕಾಡುಗಳನ್ನು ತೇಗ ಮತ್ತು ನೀಲಗಿರಿ ನೆಡುತೋಪುಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಬರದ ವರ್ಷಗಳಲ್ಲಿ ಇಂಗಾಲ ಹೀರುವ ಕೆಲಸ ನೆಡುತೋಪುಗಳಿಗಿಂತ ಹಲವು ಜಾತಿಗಳ ಕಾಡಿನಲ್ಲಿ ಹೆಚ್ಚು ಸ್ಥಿರವಾಗಿ ಸಾಗುತ್ತದೆ ಎಂಬುದು ಅದರ ಮುಖ್ಯ ಫಲಿತಾಂಶ. ಥಾಯ್ಲೆಂಡಿನ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದವರು, ಮೊದಲು ಕ್ವೀನ್ಸ್‌ಲ್ಯಾಂಡಿನಲ್ಲಿ ರೂಪುಗೊಂಡ ವಿಧಾನವನ್ನು 1990ರ ದಶಕದಿಂದ ತಮ್ಮ ಬೆಟ್ಟಗಳಿಗೆ ಹೊಂದಿಸಿಕೊಂಡು, 20ರಿಂದ 30 ಸ್ಥಳೀಯ ಜಾತಿಗಳನ್ನು ನೆಟ್ಟು ಉಳಿದದ್ದನ್ನು ಹಕ್ಕಿ, ಪ್ರಾಣಿಗಳಿಗೆ ಬಿಡುತ್ತಾರೆ. ನಿಮಗೂ ಅಷ್ಟು ಸಾಕು. ಅವುಗಳಲ್ಲಿ ಅತ್ತಿ, ಬಸರಿ, ಗೋಣಿಯಂಥ ಹಾಲುಮರಗಳು ತಪ್ಪದೆ ಇರಲಿ. ಗೋಣಿ, ಬಸರಿಯ ದಪ್ಪ ಗೂಟಗಳನ್ನು ಮಳೆಗೆ ಮುಂಚೆ ಬೇಲಿಗೆ ನೆಟ್ಟರೂ ಚಿಗುರುತ್ತವೆ. ಮರ ಹಣ್ಣು ಬಿಡತೊಡಗಿದ ಮೇಲೆ ಪಿಕಳಾರ, ಕುಟ್ರುಹಕ್ಕಿ, ಮಂಗಟ್ಟೆಗಳು ನೀವು ಹೆಸರೇ ಕೇಳದ ಬೀಜಗಳನ್ನು ತಂದು ಹಾಕುತ್ತವೆ. ಮುಂದೆ ಹವೆ ಬದಲಾದಂತೆ ಯಾವ ಜಾತಿ ಎಲ್ಲಿ ನಿಲ್ಲಬೇಕೆಂಬುದನ್ನು ಸರಿಪಡಿಸಿಕೊಳ್ಳಲು ಕಾಡಿಗೆ ಈ ಓಡಾಟ ಬೇಕೇ ಬೇಕು.

ಬೆಟ್ಟದ ಎಲ್ಲ ಜಾಗವೂ ಒಂದೇ ಅಲ್ಲ. ಏಪ್ರಿಲ್ ಕೊನೆಯಲ್ಲಿ ಬರಿಗಾಲಿನಲ್ಲಿ ಒಮ್ಮೆ ಸುತ್ತಿ ಬನ್ನಿ; ಎಲ್ಲಿ ಮಣ್ಣು ತಣ್ಣಗಿದೆ, ಎಲ್ಲಿ ಹಳ್ಳದ ಅಂಚು ಇನ್ನೂ ಹಸಿಯಾಗಿದೆ ಎಂಬುದು ಕಾಲಿಗೆ ತಿಳಿಯುತ್ತದೆ. ಬಿಸಿಲು ಹೆಚ್ಚಿದಂತೆ ತೇವ ಬೇಡುವ ಜಾತಿಗಳು ಹಿಮ್ಮೆಟ್ಟಿ ಆಶ್ರಯ ಪಡೆಯುವುದು ಇಂಥ ಜಾಗಗಳಲ್ಲೇ. ನಿಮ್ಮದೇ ತಾಲೂಕಿನ ಕತ್ತಲೆಕಾನಿಗೆ ಹೋಗಿ ನೋಡಿ: ರಾಂಪತ್ರೆ ಜಡ್ಡಿಯಲ್ಲಿ (ಜವುಗು ಕಾಡಿನಲ್ಲಿ) ಮರಗಳು ಮೊಣಕಾಲಿನಂತೆ ಬಾಗಿದ ಬೇರುಗಳನ್ನು ನೀರಿನ ಮೇಲೆತ್ತಿ ನಿಂತಿವೆ, ಆ ಕಾನಿನ ಹೆಸರನ್ನೇ ಹೊತ್ತ, ಗೇರು ಕುಟುಂಬದ ಅಪರೂಪದ ಮರ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಇರುವುದೂ ಇಂಥ ಜಡ್ಡಿಗಳಲ್ಲೇ. ನಿಮ್ಮ ಹಳ್ಳದ ಇಕ್ಕೆಲದ ತುಂಡು ಜಾಗಕ್ಕೆ ಮೊದಲ ಆದ್ಯತೆ ಕೊಡಿ, ತೋಟಕ್ಕೆಂದು ಹಳ್ಳಕ್ಕೆ ಪಂಪು ಇಟ್ಟಿರುವವರೊಂದಿಗೆ ಕುಳಿತು ಮಾತಾಡಿ. ಇನ್ನೊಂದು ತುದಿಯಲ್ಲಿ, ಕಲ್ಲು ಹಾಸಿನ ಮೇಲೆ ಬರಿಯ ಹುಲ್ಲು ಬೆಳೆಯುವ ಬ್ಯಾಣವಿದ್ದರೆ ಅದನ್ನು ಹಾಗೆಯೇ ಬಿಡಿ. ಅದೂ ಒಂದು ಪೂರ್ಣ ಜೀವಲೋಕ. ಅಲ್ಲಿ ಗುಂಡಿ ತೋಡಿ ಮರ ನೆಡುವುದನ್ನು ಪುನಶ್ಚೇತನ ಎನ್ನಲಾಗದು.

ಇಂಗುಗುಂಡಿಯ ಬಗ್ಗೆ ಎಚ್ಚರಿಕೆಯಿಂದಿರಿ. ಬರದ ಭಯದಲ್ಲಿ ಇಳಿಜಾರಿನ ತುಂಬ ಅಗಳ ತೋಡುವವರನ್ನು ಕಂಡಿದ್ದೇನೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಅಡಿಕೆ ತೋಟಗಳು ಹೂತುಹೋದದ್ದನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ಕಡಿದಾದ ಇಳಿಜಾರಿನಲ್ಲಿ, ಆಳವಾದ ಮಣ್ಣಿನ ಮೇಲೆ, ನಾಲ್ಕು ದಿನ ಬಿಡದೆ ಸುರಿಯುವ ಮಳೆಯ ನೀರನ್ನೆಲ್ಲ ತಡೆದು ನಿಲ್ಲಿಸುವುದು ಅಪಾಯ. ಗುಂಡಿಗಳು ಮಂದ ಇಳಿಜಾರಿಗೆ ಇರಲಿ. ಕಡಿದಾದ ಕಡೆ ಹುಲ್ಲು, ಪೊದೆ, ದರಕುಗಳೇ ನೀರಿನ ವೇಗ ತಗ್ಗಿಸಲಿ.

ಬೆಂಕಿಯ ವಿಷಯ ನಿಮಗೆ ಗೊತ್ತಿರುವುದೇ. ಫೆಬ್ರವರಿಗೆ ಮುಂಚೆ ಸುತ್ತ ಬೆಂಕಿ ರೇಖೆ ಸವರಿ, ಕರಡವನ್ನು ಕೊಯ್ದು ಕೊಟ್ಟಿಗೆಗೆ ಒಯ್ಯಲು ಊರಿನವರಿಗೆ ಅವಕಾಶ ಕೊಡಿ. ಒಣ ಹುಲ್ಲು ಕಡಿಮೆಯಾದಷ್ಟೂ ಬೆಂಕಿಯ ಬಲ ಕಡಿಮೆ, ಬೆಟ್ಟದಿಂದ ಪ್ರಯೋಜನ ಕಂಡವರು ಬೆಂಕಿ ಕಂಡಾಗ ಓಡಿಯೂ ಬರುತ್ತಾರೆ.

ನೀರು ಹಾಯಿಸುವ ಪ್ರಶ್ನೆಗೆ ನನ್ನ ಉತ್ತರ, ಸಾಮಾನ್ಯವಾಗಿ ಬೇಡ. ದಿನವೂ ಮೇಲಿನಿಂದ ನೀರು ಸಿಕ್ಕ ಗಿಡದ ಬೇರು ಮೇಲೆಯೇ ಹರಡುತ್ತದೆ; ಪೈಪು ಎತ್ತಿದ ವರ್ಷ ಅದು ಸಾಯುತ್ತದೆ. ಹಳ್ಳದ ಬದಿಯ ರಾಂಪತ್ರೆ, ಧೂಪಗಳಿಗೆ ಮೊದಲ ಎರಡು ಬೇಸಿಗೆ ಮಾತ್ರ ವಾರಕ್ಕೊಮ್ಮೆ ಕೊಡದಲ್ಲಿ ಹೊತ್ತು ಹಾಕಿ. ಉಳಿದವಕ್ಕೆ ಬುಡಕ್ಕೆ ದಪ್ಪನೆಯ ದರಕು, ಬಿಸಿಲಿನ ಬದಿಗೆ ಒಂದು ಸೊಪ್ಪಿನ ಮರೆ ಸಾಕು. ನೀರಿಗೆಂದು ಎತ್ತಿಟ್ಟ ಹಣವನ್ನು ಎರಡನೆಯ, ಮೂರನೆಯ ವರ್ಷದ ನಾಟಿಗೆ ಉಳಿಸಿಕೊಳ್ಳಿ. ಈಗ ನಾವು ಪ್ರತಿವರ್ಷ ಮೂರನೇ ಒಂದು ಭಾಗವನ್ನು ಮಾತ್ರ ನೆಡುತ್ತೇವೆ, ಅದನ್ನೂ ಆರಿದ್ರದಿಂದ ಪುಷ್ಯದವರೆಗೆ ಮೂರು ಕಂತಿನಲ್ಲಿ. ಯಾವ ಕಂತಿನ ಯಾವ ತಾಯಿಮರದ ಗಿಡ ಉಳಿಯಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮರುವರ್ಷದ ಬೀಜವನ್ನು ಆ ಪುಟ ನೋಡಿ ಆಯುತ್ತೇವೆ.

ನಿಮ್ಮ ಹಳ್ಳ ಯಾವ ತಿಂಗಳಿಗೆ ಒಣಗುತ್ತದೆ, ಅಥವಾ ಒಣಗುವುದೇ ಇಲ್ಲವೇ, ಮತ್ತು ಹತ್ತಿರದ ಕಾನು ಎಷ್ಟು ದೂರದಲ್ಲಿದೆ ಎಂಬುದನ್ನು ತಿಳಿಸಿ. ಅದು ಗೊತ್ತಾದರೆ ಯಾವ ಭಾಗಕ್ಕೆ ಯಾವ ಜಾತಿ, ಬೀಜವನ್ನು ಯಾವ ತಿಂಗಳು ಆಯಬೇಕು ಎಂಬುದನ್ನು ಇನ್ನೂ ನಿಖರವಾಗಿ ಬರೆಯುತ್ತೇನೆ.