ಗೋಡೆ ಪಕ್ಕ ನೆರಳು ಜಾಸ್ತಿ, ಮಣ್ಣು ಒಣ. ಬೇಗ ಹಬ್ಬುವ ಬಳ್ಳಿ ಯಾವುದು?

ಹಿಮ ಬೀಳದ ಜಾಗವಾದರೆ ನನ್ನ ಆಯ್ಕೆ ಅಮೃತಬಳ್ಳಿ. ಬಲಿತ ಕಾಂಡದ ತುಂಡು ನೆಟ್ಟರೆ ಬೇರು ಬಿಡುತ್ತದೆ. ಅರೆನೆರಳು, ಒಣ ಮಣ್ಣು ಎರಡನ್ನೂ ತಡೆದುಕೊಳ್ಳುತ್ತದೆ. ಮೇಲೆ ಹತ್ತಿದ ಬಳ್ಳಿಯಿಂದ ದಾರದಂಥ ಬೇರುಗಳು ನೆಲಕ್ಕೆ ಇಳಿಯುತ್ತವೆ, ಹಾಗಾಗಿ ಬುಡ ಕಡಿದರೂ ಸುಲಭಕ್ಕೆ ಸಾಯುವುದಿಲ್ಲ. ಹತ್ತೋದಕ್ಕೆ ತಂತಿ ಅಥವಾ ಕೋಲು ಬೇಕು, ಬರೀ ಗೋಡೆಗೆ ಅಂಟಿಕೊಳ್ಳುವುದಿಲ್ಲ. ಒಂದೇ ತಕರಾರು ಅಂದರೆ ಒಣ ಕಾಲದಲ್ಲಿ ಎಲೆ ಉದುರಿಸುತ್ತದೆ.

ವರ್ಷವಿಡೀ ಹಸಿರು ಬೇಕಾ? ಮನಿ ಪ್ಲಾಂಟ್ ಹಾಕಿ. ನೆರಳಿಗೆ ಅದು ಹೇಳಿ ಮಾಡಿಸಿದ್ದು, ಆದರೆ ಆಗಾಗ ನೀರು ಕೊಡಬೇಕು. ಎಲೆ ಕಚ್ಚಿದರೆ ಬಾಯಿ ಉರಿಯುತ್ತದೆ. ನಾಯಿ, ಬೆಕ್ಕು, ಚಿಕ್ಕ ಮಕ್ಕಳಿದ್ದರೆ ಹುಷಾರು. ಹಿಮ ಬೀಳುವ ಕಡೆ ಐವಿ ಅಥವಾ ವರ್ಜೀನಿಯಾ ಕ್ರೀಪರ್ ನೋಡಬಹುದು. ಐವಿ ಮಾತ್ರ ಹಳೇ ಗೋಡೆಯ ಬಿರುಕಿಗೆ ನುಗ್ಗುತ್ತದೆ, ನನಗಂತೂ ಅದರ ಮೇಲೆ ನಂಬಿಕೆ ಕಮ್ಮಿ.

ಬಳ್ಳಿ ಯಾವುದೇ ಇರಲಿ, ನೆಡುವ ಜಾಗ ಮುಖ್ಯ. ಗೋಡೆಗೆ ತಾಗಿದ ಮಣ್ಣಿಗೆ ಮಳೆ ನೀರೇ ಬೀಳುವುದಿಲ್ಲ, ಅಲ್ವಾ? ಅದಕ್ಕೇ ಗೋಡೆಯಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಗುಂಡಿ ತೋಡಿ. ಕೊಳೆತ ಎಲೆಗೊಬ್ಬರ ಧಾರಾಳವಾಗಿ ಸೇರಿಸಿ. ಸಸಿಯನ್ನು ಗೋಡೆ ಕಡೆ ಓರೆಯಾಗಿ ನೆಟ್ಟು ಕೋಲು ಕೊಡಿ. ಬುಡಕ್ಕೆ ಒಣಗಿದ ಎಲೆ ಹಾಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ. ಬರಗಾಲ ತಡೆದುಕೊಳ್ಳುವ ಬಳ್ಳಿಗೂ ಮೊದಲ ವರ್ಷ ನೀರು ಬೇಕೇ ಬೇಕು. ದಿನಾ ಸುಮ್ನೆ ಚಿಮುಕಿಸುವ ಬದಲು ವಾರಕ್ಕೆ ಒಂದೆರಡು ಸಲ ಬೇರಿನವರೆಗೆ ಇಳಿಯುವಷ್ಟು ಹಾಕಿ.