ಗದಗಿನಿಂದ ಒಂದು ಗೂಡ್ಸ್ ಪ್ರಶ್ನೆ

ಪ್ರಶ್ನೆ: ಅಮೆರಿಕದಲ್ಲಿ ಗೂಡ್ಸ್ ಮಾತ್ರ ಓಡಿಸುವ ಪುಟ್ಟ ರೈಲು ಕಂಪನಿಗಳಿವೆಯಂತೆ. ಹಳಿ ರಿಪೇರಿಗೆ ಅವಕ್ಕೆ ದುಡ್ಡು ಎಲ್ಲಿಂದ?
– ಓದುಗರೊಬ್ಬರು, ಗದಗ

ಉತ್ತರ: ಇವೆ, ಸುಮಾರು 600. ರೈಲು ಕಂಪನಿಗಳ ಮೇಲಿನ ಸರ್ಕಾರದ ಹಿಡಿತ ಸಡಿಲಿಸಿದ 1980ರ ಸ್ಟ್ಯಾಗರ್ಸ್ ಕಾಯ್ದೆಯ ನಂತರ ದೊಡ್ಡ ಕಂಪನಿಗಳು ಲಾಭವಿಲ್ಲದ ಕವಲು ದಾರಿಗಳನ್ನು ಮಾರತೊಡಗಿದವು. ಕೊಂಡ ಪುಟ್ಟ ಕಂಪನಿಗಳ ಪಾಲಿಗೆ ಸವೆದ ಹಳಿ, ಮರದ ಸೇತುವೆಗಳೂ ಬಂದವು.

ನಾನು ಹುಬ್ಬಳ್ಳಿಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದವನು. ಹೊಸಪೇಟೆ ಕಡೆಯ ಅದಿರು ತುಂಬಿದ ಹಳೇ ಬಾಕ್ಸ್‌ಎನ್ ವ್ಯಾಗನ್ ಸುಮಾರು 81 ಟನ್ ತೂಗುತ್ತಿತ್ತು. ಅದು ಹೋದರೇ ನೆಲ ನಡುಗೋದು! ಅಮೆರಿಕದ ಈಗಿನ ತುಂಬಿದ ವ್ಯಾಗನ್ 2,86,000 ಪೌಂಡ್, ಅಂದರೆ ಹತ್ತಿರ ಹತ್ತಿರ 130 ಟನ್. ಹಳೇ ಹಳಿ ತಡೆಯಬೇಕಲ್ವಾ? ತಡೆಯದಿದ್ದರೆ ವ್ಯಾಗನ್ ಪೂರ್ತಿ ತುಂಬುವಂತಿಲ್ಲ, ವೇಗವೂ ಇಲ್ಲ. ಗಿರಾಕಿ ಸುಮ್ನೆ ಲಾರಿ ಹಿಡಿಯುತ್ತಾನೆ.

ಗದಗ–ಹೋಟ್ಗಿ ದಾರಿಯನ್ನು ಬ್ರಾಡ್‌ಗೇಜ್ ಮಾಡಿದ್ದು ಸರ್ಕಾರದ ದುಡ್ಡಲ್ಲಿ. ಅಮೆರಿಕದಲ್ಲಿ ಮೊದಲು ಕಂಪನಿಯೇ ಜೇಬಿಗೆ ಕೈ ಹಾಕಬೇಕು. ಹಳಿಗೆ 1 ಡಾಲರ್ ಖರ್ಚು ಮಾಡಿದರೆ ತೆರಿಗೆಯಲ್ಲಿ 40 ಸೆಂಟ್ ವಿನಾಯಿತಿ (2022ರವರೆಗೆ 50 ಸೆಂಟ್ ಇತ್ತು). ಆದರೆ ಮೈಲಿಗೆ 3,500 ಡಾಲರ್ ಮಿತಿ. 2005ರಲ್ಲಿ ಶುರುವಾದ ಇದು 2020ರ ಕೊನೆಗೆ ಕಾಯಂ ಆಯಿತು. ಅಲ್ಲಿಯವರೆಗೆ ಆಗಾಗ ಅವಧಿ ಮುಗಿದು, ಮತ್ತೆ ಕೇಳಿಕೊಳ್ಳುವ ಪಾಡು. ಸೇತುವೆಯಂಥ ದೊಡ್ಡ ಕೆಲಸಕ್ಕೆ ಕೇಂದ್ರದ ಅನುದಾನವೂ ಉಂಟು, ಆದರೆ ಕನಿಷ್ಠ 20% ಬೇರೆ ಕಡೆಯಿಂದ ಹೊಂದಿಸಬೇಕು.