ಏನೂ ಕಲಿಸದೆ ಬೆಳೆದ ನಾಲ್ಕು ವರ್ಷದ ನಾಯಿಗೆ ಕ್ಲಿಕ್ಕರ್ ತರಬೇತಿ: ಎಲ್ಲಿಂದ ಆರಂಭಿಸಬೇಕು?

ಕೊಡಗಿನ ಸಿದ್ದಾಪುರದ ಬಳಿಯ ಸಂಬಂಧಿಕರ ತೋಟದಿಂದ ನಾಲ್ಕು ವರ್ಷದ ಗಂಡು ನಾಯಿಯೊಂದನ್ನು ಮನೆಗೆ ತಂದಿದ್ದೀರಿ. ಅದು ಇಷ್ಟು ದಿನ ಹಗಲೆಲ್ಲ ಸರಪಳಿಯಲ್ಲಿದ್ದು ರಾತ್ರಿ ಮಾತ್ರ ಬಿಡುಗಡೆ ಕಂಡದ್ದು, ಕರೆದರೆ ಬರುವುದಿಲ್ಲ, ಬಂದವರ ಮೇಲೆಲ್ಲ ಹಾರುತ್ತದೆ ಎಂದು ಬರೆದಿದ್ದೀರಿ. ನಾಯಿಗೆ ಕಲಿಸಲು ಬಳಸುವ ಸದ್ದಿನ ಪುಟ್ಟ ಸಾಧನವಾದ ಕ್ಲಿಕ್ಕರ್ ತರಿಸಿಟ್ಟುಕೊಂಡಿದ್ದೀರಿ, ಆದರೆ ಕಲಿಯುವ ವಯಸ್ಸು ಮೀರಿತೇ, ಮೊದಲು ಏನು ಕಲಿಸಬೇಕು ಎಂಬುದು ನಿಮ್ಮ ಪ್ರಶ್ನೆ.

ವಯಸ್ಸು ಮೀರಿಲ್ಲ. ವಿರಾಜಪೇಟೆ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ ಕೆಂಚ ಎಂಬ ನಾಯಿಗೆ ಐದು ವರ್ಷ ತುಂಬಿದ ಮೇಲೆ ನಾನು ಇದೇ ವಿಧಾನದಿಂದ ಕಲಿಸಲು ತೊಡಗಿದೆ. ಮರಿಗಿಂತ ದೊಡ್ಡ ನಾಯಿ ಹೆಚ್ಚು ಹೊತ್ತು ಮನಸ್ಸಿಟ್ಟು ನಿಲ್ಲಬಲ್ಲದು ಎಂಬುದು ನನಗೆ ಮೊದಲ ವಾರದಲ್ಲೇ ತಿಳಿಯಿತು. ದೊಡ್ಡ ನಾಯಿಯ ತೊಡಕು ಬೇರೆಯದು: ಯಾರೂ ಕಲಿಸದಿದ್ದರೂ ಅದು ನಾಲ್ಕು ವರ್ಷದಲ್ಲಿ ಬಹಳಷ್ಟನ್ನು ತಾನಾಗಿಯೇ ಕಲಿತಿರುತ್ತದೆ. ಬೆಳಿಗ್ಗೆ ಹೆಸರು ಹಿಡಿದು ಕರೆಯುತ್ತಾರೆ, ಹತ್ತಿರ ಹೋದರೆ ಸರಪಳಿ ಬೀಳುತ್ತದೆ. ಈ ಪಾಠ ನಿಮ್ಮ ನಾಯಿಗೆ ಸಾವಿರ ಸಲವಾದರೂ ಆಗಿರಬಹುದು. ಆದ್ದರಿಂದ ಕರೆದರೆ ಬಾರದಿರುವುದನ್ನು ಹಟವೆಂದು ತಿಳಿಯಬೇಡಿ. ತಾನು ಕಲಿತದ್ದನ್ನು ಅದು ಚೆನ್ನಾಗಿಯೇ ನೆನಪಿಟ್ಟುಕೊಂಡಿದೆ. ಹಳೆಯ ಕರೆಯ ಮಾತನ್ನು ಸದ್ಯಕ್ಕೆ ಬದಿಗಿಡಿ, ಮುಂದೆ ಹೊಸದೊಂದು ಮಾತು ಬೇಕಾಗುತ್ತದೆ.

ತರಬೇತಿಗೆ ಮೊದಲು ಒಮ್ಮೆ ಪಶುವೈದ್ಯರಿಗೆ ತೋರಿಸಿ. ನಮ್ಮ ಕಡೆ ಉಣ್ಣಿಯಿಂದ ಬರುವ ಜ್ವರ, ಜಂತುಹುಳು, ಕಿವಿಯ ಸೋಂಕು ಸಾಮಾನ್ಯ. ಒಳಗೆ ನೋವಿರುವ ನಾಯಿ ತಿನಿಸಿಗೆ ಮನಸ್ಸು ಕೊಡುವುದಿಲ್ಲ, ಕಲಿಸುವವರು ಅದನ್ನು ಮೊಂಡುತನವೆಂದು ತಪ್ಪಾಗಿ ತಿಳಿಯುತ್ತಾರೆ. ರೇಬೀಸ್ ಲಸಿಕೆಯನ್ನೂ ಅದೇ ದಿನ ಹಾಕಿಸಿಬಿಡಿ.

ಇನ್ನು ಕ್ಲಿಕ್ಕರಿನ ವಿಚಾರ. ಒತ್ತಿದರೆ ‘ಟಿಕ್’ ಎನ್ನುವ ಈ ಪುಟ್ಟ ಡಬ್ಬಿ ನಾಯಿಯನ್ನು ಕರೆಯುವ ಸಾಧನವಲ್ಲ, ಆಜ್ಞೆಯೂ ಅಲ್ಲ. ಇದರ ಬೇರು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಪ್ರಯೋಗಗಳಲ್ಲಿದೆ. ಅವರ ಶಿಷ್ಯರಾಗಿದ್ದ ಕೆಲ್ಲರ್ ಮತ್ತು ಮರಿಯನ್ ಬ್ರೆಲಂಡ್ ದಂಪತಿ 1940ರ ದಶಕದಲ್ಲೇ ಪ್ರಾಣಿಗಳಿಗೆ ಕಲಿಸಲು ಇಂಥ ಸದ್ದನ್ನು ಬಳಸಿದ್ದರು. 1960ರ ದಶಕದಲ್ಲಿ ಹವಾಯಿಯಲ್ಲಿ ಸೀಟಿಯ ಸಹಾಯದಿಂದ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದ ಕ್ಯಾರೆನ್ ಪ್ರಯರ್ ಅವರು 1990ರ ದಶಕದಲ್ಲಿ ಇದನ್ನು ನಾಯಿ ಸಾಕುವವರ ನಡುವೆ ಹರಡಿದರು. ಡಾಲ್ಫಿನ್ ನೀರಿನಿಂದ ಮೇಲಕ್ಕೆ ನೆಗೆದ ಗಳಿಗೆಯಲ್ಲೇ ಅದರ ಬಾಯಿಗೆ ಮೀನು ಕೊಡಲಾಗದು. ಆ ಗಳಿಗೆಗೆ ಸರಿಯಾಗಿ ಸೀಟಿ ಊದಿದರೆ ‘ಇದೇ ನನಗೆ ಬೇಕಾಗಿದ್ದದ್ದು, ಮೀನು ಬರುತ್ತಿದೆ’ ಎಂದು ಅದಕ್ಕೆ ತಿಳಿಯುತ್ತದೆ. ಕ್ಲಿಕ್ಕಿನ ಕೆಲಸವೂ ಅಷ್ಟೇ: ಸರಿಯಾದ ಗಳಿಗೆಯ ಮೇಲೆ ಗುರುತು ಹಾಕುವುದು ಮತ್ತು ತಿನಿಸಿನ ಮಾತು ಕೊಡುವುದು. ಆದ್ದರಿಂದ ಕೈತಪ್ಪಿ ಕ್ಲಿಕ್ ಆಗಿಬಿಟ್ಟರೂ ತಿನಿಸು ಕೊಡಲೇಬೇಕು. ಮಕ್ಕಳ ಕೈಗೆ ಅದನ್ನು ಆಟದ ಸಾಮಾನಾಗಿ ಕೊಡಲೇಬಾರದು.

ಮೊದಲ ಎರಡು ದಿನ ನಾಯಿಯಿಂದ ಏನನ್ನೂ ನಿರೀಕ್ಷಿಸದೆ, ಸಂಜೆಯ ಊಟಕ್ಕೆ ಮೊದಲು, ಮನೆಯೊಳಗಿನ ಸದ್ದಿಲ್ಲದ ಕೋಣೆಯಲ್ಲಿ ಕುಳಿತು, ಒಮ್ಮೆ ಕ್ಲಿಕ್ ಮಾಡಿ ಒಂದು ಚೂರು ಕೊಡುವುದು, ಅದು ನುಂಗಿದ ಮೇಲೆ ಮತ್ತೊಮ್ಮೆ ಕ್ಲಿಕ್ ಮಾಡಿ ಮತ್ತೊಂದು ಚೂರು ಕೊಡುವುದು, ಹೀಗೆ ಹದಿನೈದಿಪ್ಪತ್ತು ಬಾರಿ ಮಾಡಿ ನಿಲ್ಲಿಸಿಬಿಡಿ. ಮಳೆಗಾಲವಾದರೆ ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಕ್ಲಿಕ್ ಕೇಳಿಸದೆ ಹೋಗಬಹುದು, ಮಳೆ ಹೊಳವಾಗುವ ತನಕ ಕಾಯಿರಿ. ಸದ್ದು ಮೊದಲು, ಕೈ ಆಮೇಲೆ. ಇದನ್ನು ಬಹಳ ಎಚ್ಚರದಿಂದ ಪಾಲಿಸಬೇಕು. ನಾನು ಇಲ್ಲೇ ನಾಲ್ಕು ದಿನ ಕಳೆದುಕೊಂಡೆ. ಕ್ಲಿಕ್ ಮಾಡುವ ಮೊದಲೇ ನನ್ನ ಬಲಗೈ ಸೊಂಟದ ಚೀಲದ ಕಡೆಗೆ ಹೋಗುತ್ತಿತ್ತು. ಕೆಂಚ ಆ ಕೈಯನ್ನೇ ದಿಟ್ಟಿಸುತ್ತ ಕುಳಿತಿರುತ್ತಿದ್ದ, ಸದ್ದಿಗೂ ಅವನಿಗೂ ಸಂಬಂಧವೇ ಇರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕ್ಲಿಕ್ ಮಾಡತೊಡಗಿದ ಮೇಲೆ, ಎರಡನೆಯ ಸಂಜೆ, ಅವನು ಕಿಟಕಿಯಾಚೆ ಕೋಳಿಗಳನ್ನು ನೋಡುತ್ತಿದ್ದಾಗ ಒಮ್ಮೆ ಒತ್ತಿದೆ. ಬೆನ್ನು ತಿರುಗಿಸಿ ನಿಂತಿದ್ದವನ ಕಿವಿ ಮೊದಲು ಹಿಂದಕ್ಕೆ ತಿರುಗಿತು, ಮರುಕ್ಷಣ ಕತ್ತು, ಆಮೇಲೆ ಇಡೀ ಮೈ. ಕಣ್ಣು ನನ್ನ ಮುಖದ ಮೇಲಿತ್ತು. ನಿಮ್ಮ ನಾಯಿಯೂ ಹೀಗೆ ತಿರುಗಿದ ದಿನ ಸದ್ದಿನ ಅರ್ಥ ಅದಕ್ಕೆ ತಿಳಿಯಿತೆಂದು ಇಟ್ಟುಕೊಳ್ಳಿ, ಅದಕ್ಕೆ ಮೊದಲು ಬೇರೇನನ್ನೂ ಕಲಿಸಲು ಹೋಗಬೇಡಿ.

ನಿಮ್ಮ ಕೈ ಪಳಗಲು ನಾಯಿಯಿಲ್ಲದೆಯೂ ಅಭ್ಯಾಸ ಮಾಡಬಹುದು. ಮನೆಯವರೊಬ್ಬರು ಚೆಂಡನ್ನು ಮೇಲಕ್ಕೆಸೆದು ಬೀಳಬಿಡಲಿ, ಅದು ನೆಲ ಮುಟ್ಟುವ ಗಳಿಗೆಗೇ ನೀವು ಕ್ಲಿಕ್ ಮಾಡಿ. ಮೊದಲು ತಡವಾಗುತ್ತದೆ, ಹತ್ತಿಪ್ಪತ್ತು ಸಲದ ಮೇಲೆ ಸರಿಹೋಗುತ್ತದೆ.

ಕೊಡಗಿನ ನಾಯಿಗಳ ವಿಷಯದಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ಸುಗ್ಗಿಯ ಹಬ್ಬವಾದ ಹುತ್ತರಿಯ ರಾತ್ರಿಯ ಗುಂಡಿನ ಸದ್ದು, ಆನೆ ಓಡಿಸಲು ಹೊಡೆಯುವ ಪಟಾಕಿ ಇವುಗಳಿಂದ ಬೆದರಿದ ನಾಯಿಗಳು ಇಲ್ಲಿ ಬಹಳ. ಅಂಥ ನಾಯಿಗೆ ಲೋಹದ ಕ್ಲಿಕ್ಕರಿನ ಚುರುಕಾದ ಸದ್ದೂ ಹೆದರಿಕೆಯನ್ನು ಹುಟ್ಟಿಸಬಹುದು. ಕ್ಲಿಕ್ ಕೇಳಿದೊಡನೆ ಬಾಲ ಮುದುಡಿದರೆ, ತುಟಿ ನೆಕ್ಕಿಕೊಂಡರೆ, ಹಿಂದೆ ಸರಿದರೆ ಅಲ್ಲಿಗೇ ನಿಲ್ಲಿಸಿ. ಕ್ಲಿಕ್ಕರನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಜೇಬಿನೊಳಗಿಟ್ಟು ಒತ್ತಿ. ಅದೂ ಜೋರೆನಿಸಿದರೆ ಗುಂಡಿಯೊತ್ತುವ ಬಾಲ್ ಪೆನ್ನಿನ ‘ಟಿಕ್’ ಸಾಕು. ಅದಕ್ಕೂ ಬೆಚ್ಚಿದರೆ ಸದ್ದಿನ ಬದಲು ‘ಹೂಂ’ ಎಂಬಂಥ ಒಂದೇ ಚಿಕ್ಕ ಉಲಿಯನ್ನು ಪ್ರತಿಸಲವೂ ಒಂದೇ ರೀತಿಯಲ್ಲಿ ಬಳಸಬಹುದು.

ತಿನಿಸು ಬಟಾಣಿ ಕಾಳಿಗಿಂತ ದೊಡ್ಡದಿರಬಾರದು. ಉಪ್ಪು, ಖಾರ ಹಾಕದೆ ಬೇಯಿಸಿದ ಕೋಳಿಯ ಲಿವರ್ ಅಥವಾ ಮಾಂಸ, ಬೇಯಿಸಿದ ಮೊಟ್ಟೆ ಒಳ್ಳೆಯದು. ಅಷ್ಟನ್ನು ದಿನದ ಊಟದಲ್ಲಿ ಕಡಿಮೆ ಮಾಡಿ. ಮನೆಯಲ್ಲಿ ಉಳಿದ ಪಂದಿಕರಿಯ (ಹಂದಿಮಾಂಸದ ಪಲ್ಯದ) ಚೂರುಗಳನ್ನು ಕೊಡುವ ಆಸೆಯಾಗುತ್ತದೆ, ದಯವಿಟ್ಟು ಬೇಡ. ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ, ಅತಿಯಾದ ಕೊಬ್ಬು ಮೇದೋಜೀರಕ ಗ್ರಂಥಿಗೆ ಉರಿಯೂತ ತರಬಹುದು. ದ್ರಾಕ್ಷಿ, ಚಾಕೊಲೇಟ್ ಕೂಡದು. ಕೆಫೀನ್ ನಾಯಿಗೆ ವಿಷವಾದ್ದರಿಂದ ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಹರಡಿದ ಕಾಫಿಯಿಂದಲೂ ಅದನ್ನು ದೂರವಿಡಿ.

ಸದ್ದಿನ ಅರ್ಥ ತಿಳಿದ ಮೇಲೆ ಹೆಚ್ಚಿನವರು ‘ಕೂತ್ಕೋ’ ಎಂಬುದರಿಂದ ತೊಡಗುತ್ತಾರೆ. ನಿಮ್ಮ ನಾಯಿಗೆ ಮೊದಲ ಪಾಠ ಅಂಗೈ ಮುಟ್ಟುವುದಾಗಿರಲಿ ಎಂಬುದು ನನ್ನ ಅಭಿಪ್ರಾಯ. ಖಾಲಿ ಅಂಗೈಯನ್ನು ಅದರ ಮೂಗಿನಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಏನಿದೆಯೋ ಎಂದು ಮೂಸಲು ಬರುತ್ತದೆ, ಮೂಗು ತಾಗಿದೊಡನೆ ಕ್ಲಿಕ್, ಆಮೇಲೆ ಇನ್ನೊಂದು ಕೈಯಿಂದ ಚೂರು. ಐದಾರು ಸಲ ಸಲೀಸಾಗಿ ಬಂದರೆ ಗೇಣನ್ನು ಮೊಳ ಮಾಡಿ, ಮೊಳವನ್ನು ಮಾರು ಮಾಡಿ. ಕೈ ಎಂದರೆ ಕುತ್ತಿಗೆಯ ಬೆಲ್ಟು ಹಿಡಿದೆಳೆಯುವ ವಸ್ತುವೆಂದು ತಿಳಿದಿದ್ದ ನಾಯಿ ಅದೇ ಕೈಯತ್ತ ತಾನಾಗಿ ನಡೆದು ಬರಲು ಕಲಿಯುತ್ತದೆ; ಮುಂದೆ ಕರೆದಾಗ ಬರುವುದಕ್ಕೆ ಇದೇ ಬುನಾದಿ. ಒಮ್ಮೆಗೆ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಅಥವಾ ಮೂರು ಸಲ ಸಾಕು. ಅದಕ್ಕೆ ಇನ್ನೂ ಬೇಕೆನಿಸುತ್ತಿರುವಾಗಲೇ ನಿಲ್ಲಿಸಿ.

ಮೇಲೆ ಹಾರುವುದಕ್ಕೆ ಬೈಯುವುದು, ಮೊಣಕಾಲಿನಿಂದ ತಳ್ಳುವುದು ಬೇಡ. ನಾಯಿಗೆ ಅದೂ ಒಂದು ಬಗೆಯ ಮಾತುಕತೆಯೇ. ಹಾರುವ ಬದಲು ಹೋಗಿ ನಿಲ್ಲಲು ಒಂದು ಜಾಗ ಕಲಿಸಿ: ಜಗಲಿಯಲ್ಲಿ ಹಳೆಯ ಗೋಣಿಚೀಲವೊಂದನ್ನು ಮಡಚಿ ಹಾಸಿ. ನಾಯಿ ಅದರತ್ತ ನೋಡಿದರೆ ಕ್ಲಿಕ್ ಮಾಡಿ ಚೂರನ್ನು ಗೋಣಿಯ ಮೇಲೆಯೇ ಹಾಕಿ. ಅದು ಸಲೀಸಾದ ಮೇಲೆ ಒಂದು ಕಾಲು ಇಟ್ಟರೆ ಮಾತ್ರ, ಆಮೇಲೆ ನಾಲ್ಕೂ ಕಾಲಿಟ್ಟರೆ ಮಾತ್ರ, ಕೊನೆಗೆ ಮಲಗಿದರೆ ಮಾತ್ರ ಕ್ಲಿಕ್. ಹೀಗೆ ಒಂದೊಂದೇ ಮೆಟ್ಟಿಲು ಏರಿಸುವಾಗ ನಾಯಿ ಎರಡು ಮೂರು ಸಲ ಸತತವಾಗಿ ತಪ್ಪಿದರೆ ಮೆಟ್ಟಿಲು ಎತ್ತರವಾಯಿತೆಂದು ತಿಳಿದು ಒಂದು ಹೆಜ್ಜೆ ಹಿಂದೆ ಬನ್ನಿ. ಕೆಂಚ ಗೋಣಿಯ ಮೇಲೆ ಮಲಗಲು ಒಂಬತ್ತು ದಿನ ಹಿಡಿಯಿತು. ಈಗ ಗೇಟಿನ ಸದ್ದಾದರೆ ಬೊಗಳುತ್ತಲೇ ಗೋಣಿಯ ಮೇಲೆ ಹೋಗಿ ನಿಲ್ಲುತ್ತಾನೆ, ಬೊಗಳುವುದನ್ನು ನಾನು ತಡೆದಿಲ್ಲ, ತೋಟದ ಮನೆಗೆ ಅದು ಬೇಕು.

ಮಾತನ್ನು ಸೇರಿಸುವುದು ಕೊನೆಯ ಕೆಲಸ. ಅಂಗೈ ನೀಡಿದರೆ ಹತ್ತರಲ್ಲಿ ಒಂಬತ್ತು ಸಲ ಬಂದೇ ಬರುತ್ತದೆ ಎನ್ನುವಂತಾದ ಮೇಲೆ, ಅಂಗೈ ನೀಡುವ ತುಸು ಮುಂಚೆ ಆ ಹೊಸ ಮಾತನ್ನು ಹೇಳಲು ಆರಂಭಿಸಿ. ನಮ್ಮ ಮನೆಯಲ್ಲಿ ಅತ್ತೆಯವರದು ಕೊಡವ ತಕ್ಕ್, ನನ್ನದು ಕನ್ನಡ, ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ತಮಿಳು, ಮಲಯಾಳ. ಎಲ್ಲರೂ ತಮ್ಮ ತಮ್ಮ ಮಾತಿನಲ್ಲಿ ಕರೆದರೆ ನಾಯಿ ಯಾವುದನ್ನು ಕೇಳಬೇಕು? ಒಂದೇ ಮಾತನ್ನು ಆರಿಸಿ ಎಲ್ಲರಿಗೂ ತಿಳಿಸಿ, ಆ ಮಾತು ಹೇಳಿ ಕಟ್ಟಿಹಾಕುವ ಕೆಲಸ ಯಾರೂ ಮಾಡದಿರಲಿ. ಕಟ್ಟಬೇಕಾದಾಗ ಮಾತಿಲ್ಲದೆ ನೀವೇ ಹತ್ತಿರ ಹೋಗಿ, ಒಂದು ಚೂರು ಕೊಟ್ಟು ಕಟ್ಟಿ.

ಮನೆಯೊಳಗೆ ಕರೆದಾಗ ಬಂದ ನಾಯಿ ಅಂಗಳದಲ್ಲಿ ಬಾರದು, ಅಂಗಳದಲ್ಲಿ ಬಂದದ್ದು ತೋಟದಲ್ಲಿ ಬಾರದು. ಪ್ರತಿಯೊಂದು ಜಾಗದಲ್ಲೂ ಸುಲಭದಿಂದ ಮತ್ತೆ ತೊಡಗಬೇಕು. ತೋಟದಲ್ಲಿ ಇಪ್ಪತ್ತು ಅಡಿಯ ಹಗ್ಗ ಕಟ್ಟಿಕೊಂಡೇ ಅಭ್ಯಾಸ ಮಾಡಿಸಿ. ಸಿದ್ದಾಪುರದ ಕಡೆಯ ತೋಟಗಳಲ್ಲಿ ಆನೆ ಹಗಲಲ್ಲೂ ನಿಂತಿರುತ್ತದೆಂಬುದು ನಿಮಗೆ ಗೊತ್ತಿರುವುದೇ. ಬಿಟ್ಟ ನಾಯಿ ಆನೆಯನ್ನು ಬೊಗಳಿ ಕೆಣಕಿ, ಅಟ್ಟಿಸಿಕೊಂಡು ಬರುವಾಗ ಓಡಿ ಬರುವುದು ಯಜಮಾನನ ಕಾಲ ಬುಡಕ್ಕೇ. ಕರೆದೊಡನೆ ಬರುವ ಅಭ್ಯಾಸ ಎಷ್ಟೇ ಗಟ್ಟಿಯಾದರೂ ಅಂಥ ಜಾಗದಲ್ಲಿ ಹಗ್ಗ ಬಿಚ್ಚಬೇಡಿ, ರಾತ್ರಿ ಅದನ್ನು ಮನೆಯೊಳಗೆ ಅಥವಾ ಗೂಡಿನಲ್ಲಿ ಮಲಗಿಸಿ.

ಕ್ಲಿಕ್ಕರನ್ನು ಜೀವನವಿಡೀ ಹೊತ್ತು ತಿರುಗಬೇಕಿಲ್ಲ, ಹೊಸದನ್ನು ಕಲಿಸುವ ತನಕ ಮಾತ್ರ ಅದು ಬೇಕು. ಚೆನ್ನಾಗಿ ಕಲಿತ ಕೆಲಸಕ್ಕೆ ‘ಭೇಷ್’ ಎಂಬ ಮಾತು, ಆಗೊಮ್ಮೆ ಈಗೊಮ್ಮೆ ಒಂದು ಚೂರು ಸಾಕಾಗುತ್ತದೆ. ಕರೆದಾಗ ಬಂದದ್ದಕ್ಕೆ ಮಾತ್ರ ನಾನು ಇಂದಿಗೂ ಕೆಂಚನಿಗೆ ಪ್ರತಿಸಲವೂ ಏನಾದರೂ ಕೊಡುತ್ತೇನೆ.

ತಿನಿಸು ಕೊಡುವಾಗ ನಿಮ್ಮ ನಾಯಿ ಗುರುಗುಟ್ಟಿದರೆ ಕೈಯಿಂದ ಕೊಡದೆ ನೆಲಕ್ಕೆ ಹಾಕಿ, ಮಕ್ಕಳನ್ನು ದೂರವಿಡಿ. ಹೊಸ ಮನೆಯ ಅಂಜಿಕೆಯಿಂದ ತಿನಿಸನ್ನೇ ಮುಟ್ಟದಿದ್ದರೆ ಕ್ಲಿಕ್ಕರನ್ನು ಒಂದು ವಾರ ಪೆಟ್ಟಿಗೆಯಲ್ಲೇ ಇಟ್ಟು, ಊಟದ ಹೊತ್ತಿಗೆ ಅದರ ಹತ್ತಿರ ಸುಮ್ಮನೆ ಕುಳಿತುಕೊಳ್ಳಿ. ನಿಮ್ಮ ಕಣ್ಣೆದುರು ಅದು ತಟ್ಟೆಗೆ ಬಾಯಿ ಹಾಕಿದ ಸಂಜೆ ಮೊದಲ ಹದಿನೈದು ಚೂರುಗಳನ್ನು ಕತ್ತರಿಸಿಕೊಳ್ಳಿ.